ಬೆಕ್ಕಿಗೆ ಚೆಲ್ಲಾಟ, ಗರಿಕೋಲಿಗೆ ಪ್ರಾಣಸಂಕಟ

ಬೆಕ್ಕಿಗೆ ಒಂದೇ ಒಂದು ಆಟಿಕೆ ಕೊಳ್ಳುವುದಾದರೆ ಗರಿಕೋಲು ಕೊಳ್ಳಿ. ಅಂಗಡಿಗಳಲ್ಲಿ ಫೆದರ್ ಟೀಸರ್ ಅಂತಲೋ ಕ್ಯಾಟ್ ವಾಂಡ್ ಅಂತಲೋ ಮಾರುತ್ತಾರೆ. ಒಂದು ಕೋಲು, ಕೋಲಿಗೊಂದು ದಾರ, ದಾರದ ತುದಿಗೆ ಗರಿಯ ಕುಚ್ಚು, ಅಷ್ಟೇ. ಇಷ್ಟು ಸರಳವಾದದ್ದನ್ನೂ ಕೆಡಿಸಿ ತಯಾರಿಸುವವರಿದ್ದಾರೆ. ಚೆನ್ನಾಗಿರುವುದನ್ನು ಕೊಂಡು ಕೆಟ್ಟದಾಗಿ ಆಡಿಸುವವರು ಅವರಿಗಿಂತ ಹೆಚ್ಚು.

ಕೋಲಿನ ಉದ್ದ 60ರಿಂದ 90 ಸೆಂ.ಮೀ. ಇರಲಿ, ದಾರವೂ ಹೆಚ್ಚುಕಡಿಮೆ ಅಷ್ಟೇ. 30 ಸೆಂ.ಮೀ.ನ ಗಿಡ್ಡ ಕೋಲಾದರೆ ಬೆಕ್ಕು ಗರಿಯ ಬದಲು ನಿಮ್ಮ ಮಣಿಕಟ್ಟಿಗೇ ಹಾರುತ್ತದೆ. ಫೈಬರ್ ಗ್ಲಾಸ್ ಕೋಲು ಬಾಗಿ ಚಿಮ್ಮುವುದರಿಂದ ಕೈಗೆ ಶ್ರಮ ಕಡಿಮೆ, ಆದರೆ ಸೀಳು ಬಿಟ್ಟ ದಿನವೇ ಎಸೆಯಿರಿ, ಅದರ ಎಳೆಗಳು ಚರ್ಮಕ್ಕೆ ನಾಟುತ್ತವೆ. ಎಳೆದು ಉದ್ದ ಮಾಡುವ ಮಡಚು ಕೋಲು ಇಡಲು ಅನುಕೂಲ. ಮುರಿಯುವುದು ಯಾವಾಗಲೂ ಅದರ ಕೊನೆಯ ತೆಳು ತುಂಡು.

ಬೆಲೆಗಿಂತ ಮೊದಲು ನೋಡಬೇಕಾದದ್ದು ದಾರವೂ ಗರಿಯೂ ಸೇರುವ ಜಾಗ. ಗಾಳಕ್ಕೆ ಹಾಕುವಂಥ ತಿರುಗುವ ಕೊಕ್ಕೆ ಅಲ್ಲಿದ್ದರೆ ಗರಿ ಗಾಳಿಯಲ್ಲಿ ಗಿರಗಿರ ಸುತ್ತಿ ಹಕ್ಕಿ ರೆಕ್ಕೆ ಬಡಿದಂತೆ ಸದ್ದು ಮಾಡುತ್ತದೆ, ಕುಚ್ಚನ್ನು ಬದಲಾಯಿಸಲೂ ಬರುತ್ತದೆ. ಬರೀ ಗಂಟು ಹಾಕಿದ್ದರೆ ದಾರ ತಿರುಚಿಕೊಂಡು ಸುರುಳಿ ಸುತ್ತುತ್ತದೆ. ಗರಿಗಳನ್ನು ಬುಡದಲ್ಲಿ ಅಂಟಿನಿಂದ ಕೂರಿಸಿರುತ್ತಾರೆ, ಮೊದಲು ಸೋಲುವುದು ಆ ಅಂಟೇ. ಬೆಕ್ಕಿನ ಮುಂದೆ ಹಿಡಿಯುವ ಮೊದಲು ಒಂದೊಂದೇ ಗರಿಯನ್ನು ಜಗ್ಗಿ ನೋಡಿ. ಸಣ್ಣ ಗೆಜ್ಜೆ, ಪ್ಲಾಸ್ಟಿಕ್ ಕಣ್ಣುಗಳಿದ್ದರೆ ಕತ್ತರಿಸಿ ತೆಗೆಯಿರಿ.

ಇನ್ನು ಆಡಿಸುವ ಬಗೆ. ಗರಿಯನ್ನು ಬೆಕ್ಕಿನ ಮೂತಿಗೆ ತಂದು ಅಲ್ಲಾಡಿಸುವುದು ಎಲ್ಲರೂ ಮಾಡುವ ತಪ್ಪು. ಯಾವ ಇಲಿ ತಾನಾಗಿ ಬಂದು ಬೆಕ್ಕಿನ ಬಾಯಿಗೆ ಬೀಳುತ್ತದೆ? ಅದೂ ಅಲ್ಲದೆ, ಸುಮಾರು 25 ಸೆಂ.ಮೀ.ಗಿಂತ ಹತ್ತಿರದ ವಸ್ತು ಬೆಕ್ಕಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲಿ ಮೀಸೆಯೇ ಕಣ್ಣು. ಗರಿಯನ್ನು ಬೆಕ್ಕಿನಿಂದ ದೂರಕ್ಕೆ ಓಡಿಸಿ, ಕುರ್ಚಿಯ ಕಾಲಿನ ಹಿಂದೆ ಮರೆಮಾಡಿ, ನಿಲ್ಲಿಸಿ, ತುದಿಯನ್ನಷ್ಟೇ ಚೂರು ಮಿಡಿಸಿ. ಬೆಕ್ಕು ನೆಲಕ್ಕಂಟಿ, ಕಣ್ಣಪಾಪೆ ಕಪ್ಪಗೆ ಹಿಗ್ಗಿ, ಹಿಂಭಾಗ ಅಲ್ಲಾಡಿಸತೊಡಗಿತೋ, ನಿಮ್ಮ ಕೈ ಸ್ತಬ್ಧವಾಗಬೇಕು. ಆ ಹೊಂಚೇ ಅದಕ್ಕೆ ಆಟದ ಅರ್ಧ ಸುಖ.

ನಾಲ್ಕೈದು ಸಲ ಓಡಿಸಿದ ಮೇಲೆ ಒಮ್ಮೆ ಸಿಗಲು ಬಿಡಿ. ಹಿಡಿದಾಗ ದಾರ ಸಡಿಲಿಸಿ, ತಬ್ಬಿಕೊಂಡು ಹಿಂಗಾಲಿನಿಂದ ಒದೆಯಲಿ. ಆಗ ಕಿತ್ತುಕೊಂಡರೆ ಉಗುರೋ ಹಲ್ಲೋ ಸಿಕ್ಕಿಕೊಂಡು ನೋವಾಗುತ್ತದೆ. ಬೆಳಕಿನ ಚುಕ್ಕೆ ಓಡಿಸುವ ಲೇಸರ್ ದೀಪಕ್ಕೆ ನಾವು ಕಡಿಮೆ ಅಂಕ ಕೊಡುವುದೂ ಈ ಕಾರಣಕ್ಕೇ: ಎಷ್ಟು ಓಡಿದರೂ ಪಂಜಕ್ಕೆ ಏನೂ ಸಿಗುವುದಿಲ್ಲ, ಕಣ್ಣಿಗೆ ಬಿದ್ದರೆ ಅಪಾಯ ಬೇರೆ. ಹತ್ತು ನಿಮಿಷದ ಹೊತ್ತಿಗೆ ಗರಿಯ ವೇಗ ಇಳಿಸುತ್ತಾ ಬಂದು ಅದನ್ನು ‘ಸಾಯಿಸಿ’, ಕೂಡಲೇ ತುಸು ಊಟ ಹಾಕಿ. ಬೇಟೆ, ಊಟ, ನೆಕ್ಕಾಟ, ನಿದ್ದೆ, ಇದು ಬೆಕ್ಕಿನ ದಿನಚರಿಯ ಕ್ರಮ. ನಡುವೆ ಬಾಯಿ ತೆರೆದು ಏದುಸಿರು ಬಿಟ್ಟರೆ ಆಟ ಅಲ್ಲಿಗೇ ನಿಲ್ಲಬೇಕು. ನುಣುಪು ನೆಲದ ಮೇಲೆ ಎತ್ತರಕ್ಕೆ ಹಾರಿಸುವುದು, ಅದರಲ್ಲೂ ದಪ್ಪಗಿರುವ ಅಥವಾ ವಯಸ್ಸಾದ ಬೆಕ್ಕನ್ನು, ಬೇಡ.

ಆಟ ಬೇಗ ಬೇಸರವಾಯಿತೆಂದರೆ ಬೆಕ್ಕು ಸೋಮಾರಿ ಎಂದಲ್ಲ, ಕುಚ್ಚು ಹಳತಾಯಿತೆಂದು. ಅದೇ ಕೋಲಿಗೆ ಬೇರೆ ತುದಿ ಸಿಕ್ಕಿಸಿದರೆ ಮಲಗಿದ್ದದ್ದು ಎದ್ದು ಬರುತ್ತದೆ. ಯಾವ ತುದಿ ಅನ್ನುವುದರಲ್ಲಿ ಒಂದೊಂದು ಬೆಕ್ಕಿನದು ಒಂದೊಂದು ಹಟ. ಕಿಟಕಿಯಲ್ಲಿ ಕೂತು ಹಕ್ಕಿ ಕಂಡಾಗ ಹಲ್ಲು ಕಟಕಟಿಸುವ ಬೆಕ್ಕಿಗೆ ಗಾಳಿಯಲ್ಲಿ ಹಾರುವ ಗರಿ. ಹೊದಿಕೆಯಡಿಯ ಕಾಲ್ಬೆರಳಿನ ಮೇಲೆರಗುವ ಪೋಕರಿಗೆ ಬಟ್ಟೆಯಡಿ ಸರಬರ ಹರಿಯುವ ತುಪ್ಪಳದ ಇಲಿ. ನೊಣ ಹಿಡಿಯುವ ಚಪಲದ್ದಕ್ಕೆ ತಂತಿಯ ತುದಿಯಲ್ಲಿ ಕುಪ್ಪಳಿಸುವ ರಟ್ಟಿನ ಉಂಡೆ. ಈ ಕೊನೆಯದರಲ್ಲಿ ತಂತಿಯ ಮೊನೆ ಹೊರಗೆ ಇಣುಕಿಲ್ಲವೇ ನೋಡಿಕೊಳ್ಳಿ. ಅಂಜುಬುರುಕ ಬೆಕ್ಕಿಗೆ ಕೋಲೇ ಭಯ. ಅದಕ್ಕೆ ಬರೀ ದಾರವನ್ನು ದೂರದಲ್ಲಿ ನಿಧಾನವಾಗಿ ಎಳೆದರೆ ಸಾಕು, ಕದಲದೆ ಕೂತು ನೋಡಿದರೂ ಅದು ಆಡುತ್ತಿದೆ ಅಂತಲೇ ಲೆಕ್ಕ. ಎರಡು ಬೆಕ್ಕಿದ್ದರೆ ಜೋರಿನದು ಆಡುತ್ತದೆ, ಸಾಧುವಿನದು ಪ್ರೇಕ್ಷಕ. ಬೇರೆ ಬೇರೆ ಕೋಣೆಯಲ್ಲಿ ಆಡಿಸಿ.

ಕ್ಯಾಟ್‌ನಿಪ್ ಸೊಪ್ಪು ತುಂಬಿದ ತುದಿಗಳೂ ಸಿಗುತ್ತವೆ. ಸುಮಾರು ಮೂರರಲ್ಲಿ ಎರಡು ಬೆಕ್ಕಿಗೆ ಮಾತ್ರ ಅದರ ಅಮಲು ಹತ್ತುತ್ತದೆ, ಅದು ಹುಟ್ಟಿನಿಂದ ಬರುವ ಗುಣ. ಎಳೆಯ ಮರಿಗಳಿಗೆ ಹತ್ತುವುದಿಲ್ಲ. ನಿಮ್ಮದು ಮೂಸಿ ಮುಖ ತಿರುಗಿಸಿದರೆ ಸೊಪ್ಪನ್ನು ದೂರಬೇಡಿ.

ಈ ಆಟಿಕೆಯ ನಿಜವಾದ ದೋಷ ದಾರ. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗಿಯುವುದು ಅದಕ್ಕೆ ಕಷ್ಟ, ಒಳಕ್ಕೇ ಎಳೆದುಕೊಳ್ಳುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಂಡು ಉಳಿದದ್ದು ಕರುಳಿಗಿಳಿದರೆ ಕರುಳು ಲಾಡಿ ಎಳೆದ ಪಾಯಿಜಾಮದ ನೆರಿಗೆಯಂತೆ ಮುದುಡಿ, ದಾರ ಅದನ್ನು ಕೊಯ್ಯಲೂಬಹುದು. ದಾರ ಬಾಯಿಯಿಂದಲೋ ಗುದದಿಂದಲೋ ಇಣುಕುತ್ತಿದ್ದರೆ ಎಳೆಯಬೇಡಿ, ಕತ್ತರಿಸಲೂ ಹೋಗಬೇಡಿ, ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಿರಿ. ಮತ್ತೆ ಮತ್ತೆ ವಾಂತಿ, ಊಟ ಬಿಟ್ಟು ಮೂಲೆ ಸೇರುವುದು, ಇವೂ ಅದರ ಸೂಚನೆಯಾಗಿರಬಹುದು.

ಹಾಗಾಗಿ ಆಟ ಮುಗಿದ ಮೇಲೆ ಗರಿಕೋಲು ಸೋಫಾದ ಮೇಲಲ್ಲ, ಕಪಾಟಿನೊಳಗೆ. ಚಿಲಕ ಹಾಕಿ, ಬರೀ ಒತ್ತಿ ಮುಚ್ಚಿದ ಬಾಗಿಲನ್ನು ಪಂಜದಿಂದ ಕೆದಕಿ ತೆರೆಯುವ ಜಾಣರೂ ಬೆಕ್ಕಿನ ಕುಲದಲ್ಲಿದ್ದಾರೆ.