ಸೀಸದ ಗುಂಡು, ಕೂದಲಿಗಿಂತ ತೆಳು ತಂತಿ, ಆರು ಗಂಟೆ ಬಸ್ಸು: ಒಂದು ಕ್ಯಾವೆಂಡಿಶ್ ಕಿಟ್ ಕೊಂಡ ಕಥೆ

ಗುರುತ್ವದ ಪಾಠ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಎಲ್ಲಾ ವಸ್ತುನೂ ಎಲ್ಲಾ ವಸ್ತುನ ಎಳೆಯುತ್ತೆ ಅಂತೀರಲ್ಲ ಮೇಡಂ, ನನ್ನ ಟಿಫಿನ್ ಬಾಕ್ಸು ಇವಳ ಬಾಕ್ಸಿನ ಕಡೆ ಯಾಕೆ ಜಾರಲ್ಲ?" ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಬಾಯಿ ಮುಚ್ಚಿಸಿದ್ದೇನೆ. ಒಂದೊಂದು ಕೆ.ಜಿ.ಯ ಎರಡು ಬಾಕ್ಸು, ನಡುವೆ 10 ಸೆಂ.ಮೀ. ಅಂತರ ಅಂದುಕೊಳ್ಳಿ. ಅವುಗಳ ಸೆಳೆತ ಒಂದು ನ್ಯೂಟನ್ನಿನ 15 ಕೋಟಿಯಲ್ಲೊಂದು ಪಾಲು. ಮೇಜಿನ ಘರ್ಷಣೆ ಮೀರಿ ಬಾಕ್ಸು ಜಾರಲು ಎರಡು ಮೂರು ನ್ಯೂಟನ್ ಬೇಕು. ಮುಚ್ಚಳದ ಮೇಲೆ ಕೂತ ಸೊಳ್ಳೆಯ ತೂಕವೇ ಆ ಸೆಳೆತದ ಸಾವಿರಾರು ಪಟ್ಟು. ಹುಡುಗರು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಈ ವರ್ಷ ಹಟಕ್ಕೆ ಬಿದ್ದು ಕಾಲೇಜಿಗೆ ಒಂದು ತಿರುಚು ತಕ್ಕಡಿ, ಅಂದರೆ ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ ಈ ಸೆಳೆತ ಅಳೆದ ಪ್ರಯೋಗವನ್ನೇ ಮಾಡುವ ಕ್ಯಾವೆಂಡಿಶ್ ಕಿಟ್, ತರಿಸಿದೆ. ಕಂಪನಿಯ ಹೆಸರು ಬೇಡ. ಬೆಲೆ ಒಂದು ಸ್ಕೂಟರಿನಷ್ಟಾಯಿತು, ಅಷ್ಟು ಸಾಕು.

ಡಬ್ಬದೊಳಗೆ ತಲಾ ಒಂದೂವರೆ ಕೆ.ಜಿ.ಯ ಎರಡು ಸೀಸದ ಗುಂಡು. ಕ್ರಿಕೆಟ್ ಚೆಂಡಿಗಿಂತ ತುಸು ಚಿಕ್ಕವು, ಕೈಗೆತ್ತಿಕೊಂಡರೆ ಮಾತ್ರ ಮಣಿಕಟ್ಟು ಬಾಗುತ್ತದೆ. ಗಾಜಿನ ಮುಖದ ಪೆಟ್ಟಿಗೆಯೊಳಗೆ 15 ಗ್ರಾಮಿನ ಎರಡು ಪುಟ್ಟ ಗುಂಡು ಒಂದು ಕಡ್ಡಿಯ ತುದಿಗಳಲ್ಲಿ, ಆ ಕಡ್ಡಿ ಕೂದಲಿಗಿಂತ ತೆಳುವಾದ ತಂತಿಯಲ್ಲಿ ನೇತಾಡುತ್ತದೆ. ಕಡ್ಡಿಗೆ ಅಂಟಿಸಿದ ಕನ್ನಡಿಗೆ ಲೇಸರ್ ಬಿಟ್ಟರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ. ದೊಡ್ಡ ಗುಂಡುಗಳನ್ನು ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸಿದರೆ ಚುಕ್ಕೆ ಸರಿಯಬೇಕು. ಕೆಲಸ ಇಷ್ಟೇ.

ಮೊದಲ ತಂತಿ ದಾರಿಯಲ್ಲೇ ತುಂಡಾಗಿ ಬಂದಿತ್ತು. ಜೊತೆಗೆ ಕೊಟ್ಟದ್ದು ಒಂದೇ ಒಂದು ಹೆಚ್ಚುವರಿ ತಂತಿ. ಅದನ್ನು ಕಟ್ಟಲು ನನಗೂ ಅಟೆಂಡರಿಗೂ ಒಂದು ಇಡೀ ಶನಿವಾರ ಹಿಡಿಯಿತು; ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು, ಅಮ್ಮನ ಹೂ ಕಟ್ಟುವ ಕೈ ನನಗೆ ಬರಬಾರದಿತ್ತೇ ಎಂದು ಹಲುಬುತ್ತಾ. ಕೈಪಿಡಿಯಲ್ಲಿ ಈ ಬಗ್ಗೆ ಎರಡೇ ಸಾಲು. ಅದೇ ಕೈಪಿಡಿ "ಕ್ಯಾವೆಂಡಿಶ್ ಜಿ ಬೆಲೆ ಕಂಡುಹಿಡಿದ" ಎನ್ನುತ್ತದೆ (ಜಿ ಅಂದರೆ ಗುರುತ್ವದ ಸೂತ್ರದಲ್ಲಿ ಬರುವ ಸ್ಥಿರಾಂಕ). ತಪ್ಪು. 1798ರಲ್ಲಿ ಆತ ಪ್ರಕಟಿಸಿದ್ದು ಭೂಮಿಯ ಸಾಂದ್ರತೆ: ನೀರಿನ 5.48 ಪಟ್ಟು ಎಂದು. ಅದರಲ್ಲೂ ಒಂದು ಲೆಕ್ಕದ ತಪ್ಪಿತ್ತು, ಸರಿಯಾಗಿ ಲೆಕ್ಕ ಹಾಕಿದರೆ 5.448. (ಪರೀಕ್ಷೆಯಲ್ಲಿ ಅರ್ಧ ಅಂಕ ಕಳೆದುಕೊಂಡವರಿಗೆ ಇದನ್ನು ಹೇಳಿ ಸಮಾಧಾನ ಮಾಡುತ್ತೇನೆ.)

ಇನ್ನು ಬಳಕೆ. ಮೊದಲ ದಿನ ಕಡ್ಡಿ ಹೋಗಿ ಗಾಜಿಗೆ ಅಂಟಿಕೊಂಡಿತು. ಹುಡುಗರೆಲ್ಲ "ಗುರುತ್ವ! ಗುರುತ್ವ!" ಎಂದು ಕೂಗಿದರು. ಗುರುತ್ವವೂ ಅಲ್ಲ, ಮಣ್ಣೂ ಅಲ್ಲ. ಅಟೆಂಡರ್ ನೈಲಾನ್ ಬಟ್ಟೆಯಿಂದ ಗಾಜನ್ನು ಫಳಫಳ ಒರೆಸಿದ್ದರು, ಅದರ ಸ್ಥಿರವಿದ್ಯುತ್ತು. ಒದ್ದೆ ಹತ್ತಿಬಟ್ಟೆ ಮುಟ್ಟಿಸಿದ ಮೇಲೆ ಬಿಟ್ಟಿತು. ಎರಡನೆಯ ದಿನ ಚುಕ್ಕೆ ನಿಲ್ಲಲೇ ಇಲ್ಲ. ನಮ್ಮ ಲ್ಯಾಬ್ ಮೊದಲ ಮಹಡಿಯಲ್ಲಿ, ಕೆಳಗೇ ಮುಖ್ಯರಸ್ತೆ. ಸಂಜೆ ಆರರ ಬಸ್ಸು ತಿರುವಿನಲ್ಲಿ ಗೇರ್ ಬದಲಿಸಿದರೆ ಗೋಡೆಯ ಮೇಲೆ ಚುಕ್ಕೆಯ ಕುಣಿತ. ಆ ದಿನದ ಅಂಕಿ ಇಟ್ಟುಕೊಂಡು ಜಿ ಲೆಕ್ಕ ಹಾಕಿದರೆ ಪುಸ್ತಕದ ಮೂರು ಪಟ್ಟು ಬಂತು.

ಕೊನೆಗೆ ಎಲ್ಲವನ್ನೂ ಕೆಳಗಿನ ಹಳೆಯ ಉಗ್ರಾಣಕ್ಕೆ ಸಾಗಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಹಬ್ಬದ ರಜೆಯಲ್ಲಿ ಕೂತೆವು. ಕಡ್ಡಿ ಒಂದು ಸಲ ತೂಗಿ ಬರಲು ಹತ್ತು ನಿಮಿಷ. ರಾತ್ರಿ ಒಂಬತ್ತಕ್ಕೆ ಗುಂಡು ತಿರುಗಿಸಿ ಹೊರಗೆ ಬಂದು ಬಾಗಿಲ ಸಂದಿಯಿಂದ ನೋಡುತ್ತಾ ಕುಳಿತೆವು. ಚುಕ್ಕೆ ಹೊರಟಿತು. ಗಡಿಯಾರದ ನಿಮಿಷದ ಮುಳ್ಳಿನ ಹಾಗೆ, ನೋಡುವಾಗ ನಿಂತಂತೆ, ಕಣ್ಣು ಬೇರೆಡೆ ಹೋಗಿ ಬಂದರೆ ಮುಂದೆ. ತೂಗಾಟ ಅಡಗಿದಾಗ ನಾಲ್ಕು ಮೀಟರ್ ದೂರದ ಗೋಡೆಯ ಮೇಲೆ 12 ಸೆಂ.ಮೀ., ಒಂದು ಚೋಟು, ಸರಿದಿತ್ತು. ಪುಟ್ಟ ಗುಂಡಿನ ತೂಕದ 20 ಕೋಟಿಯಲ್ಲೊಂದು ಪಾಲಿನಷ್ಟು ಬಲದ ಕೆಲಸ ಅದು. ನನಗೆ ಬಂದ ಜಿ 7.2, ಪುಸ್ತಕದ್ದು 6.67. ಶೇಕಡಾ 8 ತಪ್ಪು. ಖುಷಿಗೆ ಮರುದಿನ ಲ್ಯಾಬಿಗೆ ಮೈಸೂರು ಪಾಕು ಹಂಚಿದೆ.

"ನಾವ್ಯಾಕೆ ಹೊರಗೆ ಕೂರಬೇಕಿತ್ತು ಮೇಡಂ? ನಾನೂ ಆ ಗುಂಡನ್ನ ಎಳೀತೀನಿ ಅಂತಲಾ?" ಎಂದು ಅಟೆಂಡರ್ ಕೇಳಿದರು. ಎಳೆಯುತ್ತೀರಿ, ಆದರೆ ಎರಡು ತುದಿಯ ಗುಂಡನ್ನೂ ಹೆಚ್ಚುಕಡಿಮೆ ಒಂದೇ ಸಮ, ಹಾಗಾಗಿ ಕಡ್ಡಿ ತಿರುಗದು ಅಂದೆ. ಕೆಡಿಸುವುದು ಮೈಯ ಬಿಸಿ. ಅದು ಪೆಟ್ಟಿಗೆಯ ಒಂದು ಬದಿಯನ್ನು ಬೆಚ್ಚಗೆ ಮಾಡಿದರೆ ಒಳಗೆ ಗಾಳಿ ಏಳುತ್ತದೆ. ಕ್ಯಾವೆಂಡಿಶ್ ತಲಾ 158 ಕೆ.ಜಿ.ಯ ಗುಂಡುಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಹೊರಗೆ ನಿಂತು ದೂರದರ್ಶಕದಲ್ಲಿ ಅಳತೆ ಓದಿದ್ದೂ ಅದಕ್ಕೇ. ನಮ್ಮ ಕಂಬಳಿ, ಬಾಗಿಲ ಸಂದಿ ಎಲ್ಲ ಅವನಿಂದಲೇ ಕದ್ದದ್ದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಕಳೆದದ್ದು ತಂತಿಗೆ, ಅರ್ಧ ಕೈಪಿಡಿಗೆ. ಕೊಳ್ಳುವವರು ಮೊದಲ ಆರ್ಡರಿನಲ್ಲೇ ನಾಲ್ಕು ತಂತಿ ಬರೆಸಿ. ಆಮೇಲೆ ಕೇಳಿದರೆ ಆರು ವಾರ ಕಾಯಿಸುತ್ತಾರೆ. ನೆಲಮಹಡಿಯಲ್ಲಿ, ರಸ್ತೆಯಿಂದ ದೂರ ಒಂದು ಕೋಣೆ ಇಲ್ಲದಿದ್ದರೆ ತರಿಸಲೇಬೇಡಿ. ಕಂಪ್ಯೂಟರಿಗೆ ಜೋಡಿಸುವ ಸೆನ್ಸರ್ ಬೇರೆ ದುಡ್ಡಿಗೆ ಮಾರುತ್ತಾರೆ, ಬೇಕಿಲ್ಲ. ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ನಿಮಿಷಕ್ಕೊಮ್ಮೆ ಪೆನ್ಸಿಲ್ ಚುಕ್ಕೆ ಇಡಲು ತಾಳ್ಮೆಯ ಹುಡುಗಿಯೊಬ್ಬಳನ್ನು ಹುಡುಕಿ. ನಮ್ಮಲ್ಲಿ ಆ ಕೆಲಸಕ್ಕೆ ತಾನಾಗೇ ಮುಂದೆ ಬಂದದ್ದು ಟಿಫಿನ್ ಬಾಕ್ಸಿನವಳೇ.