ಗೆಂಡೆ ಮೀನಿನ ಗುರುತಿಗೆ ಯಾವ ಡಿಎನ್‌ಎ ವಿಧಾನ?

ತುಮಕೂರಿನ ಮೈದಾಳ ಕೆರೆಯಲ್ಲೋ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೋ ಬಲೆಗೆ ಬಿದ್ದ ಸಣ್ಣ ಗೆಂಡೆ ಮೀನುಗಳನ್ನು ಬಿಳಿ ತಟ್ಟೆಯಲ್ಲಿ ಹರಡಿಕೊಂಡು, ಬಾಲದ ಬುಡದ ಕಪ್ಪು ಚುಕ್ಕೆಯನ್ನು ನೋಡಿ, ಪಕ್ಕದ ಗೆರೆಯ ಹುರುಪೆಗಳನ್ನು ಎಣಿಸಿದ ಮೇಲೂ ಕೆಲವು ಮರಿಗಳು ಯಾವ ಪ್ರಭೇದದವು ಎಂಬುದು ಖಚಿತವಾಗುವುದಿಲ್ಲ. ಆಗ ಸಂಶೋಧನಾ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿರುತ್ತವೆ.

2003ರಲ್ಲಿ ಪ್ರಸ್ತಾಪವಾದ ಡಿಎನ್‌ಎ ಬಾರ್‌ಕೋಡ್ ವಿಧಾನದಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಮೈಟೊಕಾಂಡ್ರಿಯ ಎಂಬ ಭಾಗದ ಸಿಒಐ ಎನ್ನುವ ಜೀನಿನ ಸುಮಾರು 650 ಡಿಎನ್‌ಎ ಅಕ್ಷರಗಳನ್ನು ಓದಿ, ಈಗಾಗಲೇ ಸಂಗ್ರಹವಾಗಿರುವ ಮಾದರಿಗಳೊಂದಿಗೆ ಹೋಲಿಸುತ್ತಾರೆ. ಇದಕ್ಕೆ ರೆಕ್ಕೆಯ ಒಂದು ಚೂರು ಸಾಕು, ಖರ್ಚೂ ಕಡಿಮೆ. ಆದರೆ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ, ಗೆಂಡೆಗಳೇ ಆದ ರೋಹು ಹೆಣ್ಣಿಗೂ ಕಾಟ್ಲಾ ಗಂಡಿಗೂ ಹುಟ್ಟಿದ ಮಿಶ್ರತಳಿಯನ್ನು ಈ ಪರೀಕ್ಷೆ ರೋಹು ಎಂದೇ ಹೇಳುತ್ತದೆ; ಮರಿಗಳನ್ನು ಹೊರಗಿನಿಂದ ತಂದು ಬಿಡುವ ನಮ್ಮ ಕೆರೆಗಳ ಮಟ್ಟಿಗೆ ಇದು ಸಣ್ಣ ದೋಷವಲ್ಲ. ಇತ್ತೀಚೆಗಷ್ಟೇ ಕವಲೊಡೆದ ಪ್ರಭೇದಗಳಲ್ಲಿಯೂ ಈ ಒಂದೇ ಜೀನು ಬೇರೆಯಾಗಿ ಕಾಣದಿರಬಹುದು.

ಕೋಶಕೇಂದ್ರದ ಡಿಎನ್‌ಎಯಲ್ಲಿ ಸಾವಿರಾರು ಕಡೆ ಒಂದೊಂದು ಅಕ್ಷರದ ವ್ಯತ್ಯಾಸವನ್ನು ಹುಡುಕುವ ಎರಡನೆಯ ವಿಧಾನವು ತಂದೆತಾಯಿ ಇಬ್ಬರ ಪಾಲನ್ನೂ ತೋರಿಸುತ್ತದೆ. ಇದಕ್ಕೆ ಪ್ರತಿ ಕೆರೆಯಿಂದಲೂ ಹಲವು ಮೀನುಗಳು, ಹೆಚ್ಚು ಹಣ ಮತ್ತು ಕಂಪ್ಯೂಟರ್ ವಿಶ್ಲೇಷಣೆಯ ಪರಿಣತಿ ಬೇಕು.

ನನ್ನ ಅಭಿಪ್ರಾಯದಲ್ಲಿ, ಒಂದು ಕೆರೆಯ ಮೀನುಗಳ ಪಟ್ಟಿ ಮಾಡುವವರು ಬಾರ್‌ಕೋಡಿನಿಂದಲೇ ಆರಂಭಿಸಬೇಕು. ಮಿಶ್ರತಳಿಯ ಅನುಮಾನವಿದ್ದಲ್ಲಿ ಎರಡನೆಯದಕ್ಕೆ ಹೋಗದೆ ವಿಧಿಯಿಲ್ಲ. ಯಾವುದನ್ನೇ ಆರಿಸಿಕೊಂಡರೂ ರೆಕ್ಕೆಯ ಚೂರನ್ನು, ಸತ್ತ ಮೀನು ಕೊಳೆಯದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣಕ್ಕೆ ಹಾಕಬಾರದು, ಅದರಿಂದ ಡಿಎನ್‌ಎ ಕೆಡುತ್ತದೆ; ಚೂರನ್ನು ಆಲ್ಕೋಹಾಲಿನಲ್ಲಿಟ್ಟು, ಅದೇ ಮೀನಿನ ದೇಹವನ್ನು ಅದೇ ಸಂಖ್ಯೆಯ ಚೀಟಿಯೊಂದಿಗೆ ಕಾಪಾಡಿಕೊಳ್ಳಬೇಕು.