ನೆಟ್ ಹೋದಾಗ ಎಷ್ಟು ಉಳಿಯುತ್ತದೆ? ನಾಲ್ಕು ವರ್ಷ ಕ್ರೋಮ್‌ಬುಕ್ ಬಳಸಿದ ಮೇಲೆ

ಈ ಕ್ರೋಮ್‌ಬುಕ್ ಅನ್ನುವ ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂದಿದ್ದು 2021ರ ಆಗಸ್ಟ್‌ನಲ್ಲಿ. ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ತಗೊಂಡಿದ್ದು. 11.6 ಇಂಚಿನ ಪರದೆ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಬೆಲೆ 20 ಸಾವಿರದ ಒಳಗೆ. ಶಾಲೆ ಬಾಗಿಲು ತೆರೆಯಿತು, ಯಂತ್ರ ನನ್ನ ಕೈಗೆ ಬಂತು. ಅಲ್ಲಿಂದ ಇಲ್ಲಿವರೆಗೆ ದಿನಕ್ಕೆ ನಾಲ್ಕೈದು ಗಂಟೆ ಇದರ ಮುಂದೆ ಕೂತಿದ್ದೇನೆ.

ನಾವಿರುವುದು ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡುತ್ತೇನೆ, ಪ್ರೂಫ್ ನೋಡುತ್ತೇನೆ. ಸ್ಮರಣ ಸಂಚಿಕೆ, ಉಪನಯನದ ಆಮಂತ್ರಣ, ಯಾರೋ ಹಿರಿಯರು ಬರೆದಿಟ್ಟ ನೆನಪಿನ ಪುಸ್ತಕ, ಇಂಥವು. ಜೊತೆಗೆ ಮನೆಯ ಅಡಿಕೆ ಲೆಕ್ಕ. ಗೇಮ್, ವಿಡಿಯೋ ಎಡಿಟಿಂಗ್ ನಾನು ಮಾಡಿದವಳಲ್ಲ, ಅದರ ಬಗ್ಗೆ ನನ್ನನ್ನು ಕೇಳಬೇಡಿ. ಬರೆಯುವ ಕೆಲಸಕ್ಕೆ ಇದು ಹೇಗೆ ಅಂತ ಮಾತ್ರ ಹೇಳುತ್ತೇನೆ.

ತಗೊಳ್ಳುವ ಮುಂಚೆ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಇದರೊಳಗೆ ಮುಖ್ಯವಾಗಿ ಇರುವುದು ಕ್ರೋಮ್ ಬ್ರೌಸರ್. ಬರೆಯುವುದು, ಲೆಕ್ಕ ಇಡುವುದು, ಫೋಟೊ ನೋಡುವುದು ಎಲ್ಲವೂ ಅದರೊಳಗೇ. ಆಂಡ್ರಾಯ್ಡ್ ಆ್ಯಪ್‌ಗಳೂ ನಡೆಯುತ್ತವೆ. ಆದರೆ ಸಿಡಿ ತಂದು ಪ್ರೋಗ್ರಾಂ ಹಾಕುವ ಪದ್ಧತಿ ಇಲ್ಲಿ ಇಲ್ಲ. ಹಾಗಾಗಿ ಈ ಯಂತ್ರದ ವಿಮರ್ಶೆ ಬರೆಯುವಾಗ ನಮ್ಮ ಮನೆಯ ನೆಟ್ ಲೈನಿನ ವಿಮರ್ಶೆಯನ್ನೂ ಬರೆಯಲೇಬೇಕಾಗುತ್ತದೆ.

ಮೊದಲು ಹೀಗಿರಲಿಲ್ಲ ಅಲ್ವಾ? ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದಿದ್ದು 2001ರಲ್ಲಿ. ವಿಂಡೋಸ್ 98 ಇತ್ತು, ‘ಬರಹ’ ಇತ್ತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಆ ತಂತ್ರಾಂಶದಲ್ಲೇ ನಾನು ಕನ್ನಡ ಟೈಪಿಂಗ್ ಕಲಿತಿದ್ದು. ಕಂಪ್ಯೂಟರ್ ಅನ್ನುವುದು ಪೂರ್ತಿಯಾಗಿ ಮೇಜಿನ ಮೇಲೇ ಇತ್ತು. ಇಂಟರ್ನೆಟ್ ಅಂದರೆ ಸಂತೆಗೆ ಹೋಗಿ ಬಂದ ಹಾಗೆ. ಏನೇನು ಬೇಕು ಅಂತ ಮೊದಲೇ ಚೀಟಿ ಬರೆದುಕೊಳ್ಳುತ್ತಿದ್ದೆ. ಮೇಲ್‌ಗಳನ್ನು ಮೊದಲು ಬರೆದಿಟ್ಟು, ಆಮೇಲೆ ಫೋನ್ ಲೈನಿನಿಂದ ಡಯಲ್ ಮಾಡಿ, ಕಳಿಸಿ, ಬಂದಿದ್ದನ್ನು ಇಳಿಸಿಕೊಂಡು ತಕ್ಷಣ ಕಟ್ ಮಾಡುವುದು. ಮೋಡೆಮ್ ಮೇಲೆ 56 ಕೆಬಿಪಿಎಸ್ ಅಂತ ಬರೆದಿತ್ತು. ನಮ್ಮ ಲೈನಿನಲ್ಲಿ ಸೆಕೆಂಡಿಗೆ ಮೂರ್ನಾಲ್ಕು ಕಿಲೋಬೈಟ್ ಬಂದರೆ ಜಾಸ್ತಿ. ಒಂದು ಫೋಟೊ ಇಳಿಯುವುದರೊಳಗೆ ಒಲೆಯ ಮೇಲಿನ ಹಾಲು ಕಾಯುತ್ತಿತ್ತು. ಅಷ್ಟು ಹೊತ್ತು ಮನೆಗೆ ಯಾರ ಫೋನೂ ಬರುವಂತಿರಲಿಲ್ಲ.

ಆಮೇಲೆ ಬ್ರಾಡ್‌ಬ್ಯಾಂಡ್. 2004ರ ಸರ್ಕಾರದ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಅಂತ ಲೆಕ್ಕ. 2023ರಿಂದ ಆ ಗೆರೆ 2 ಎಂಬಿಪಿಎಸ್‌ಗೆ ಏರಿದೆ. ಬಿಎಸ್‌ಎನ್‌ಎಲ್ ಡೇಟಾಒನ್ ಶುರುವಾಗಿದ್ದು 2005ರಲ್ಲಿ, ನಮ್ಮ ಕೇರಿಗೆ ಕೆಲವು ವರ್ಷ ಬಿಟ್ಟು ಬಂತು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕವಿಲ್ಲ ಅನ್ನುವ ಪ್ಲಾನ್ ನೆನಪಿದೆಯಾ? ನಮ್ಮ ಯಜಮಾನರು ಅಲಾರಂ ಇಟ್ಟು ಎರಡು ಗಂಟೆಗೆ ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುತ್ತಿದ್ದರು. ಆಗಲೂ ನೆಟ್‌ನಿಂದ ಸಾಮಾನು ಹೊತ್ತು ಮನೆಗೆ ತರುವುದೇ ಕೆಲಸ. ತಂದದ್ದು ಮನೆಯ ಡಿಸ್ಕಿನಲ್ಲೇ ಇರುತ್ತಿತ್ತು.

ಈಗ ನನ್ನ ಕೆಲಸದ ಸಾಮಾನೆಲ್ಲ ನೆಟ್‌ನಲ್ಲೇ ಇದೆ. ನಾನೇ ದಿನಾ ಅಲ್ಲಿಗೆ ಹೋಗಿ ಕೂರುತ್ತೇನೆ.

ಇದರಿಂದ ಆದ ಒಳ್ಳೆಯದನ್ನು ಮನಸ್ಸು ಬಿಚ್ಚಿ ಹೇಳುತ್ತೇನೆ. ಮೊದಲು ಪ್ರೆಸ್ಸಿಗೆ ಫೈಲ್ ಕೊಡುವುದು ಅಂದರೆ 1.44 ಎಂಬಿಯ ಫ್ಲಾಪಿ ಹಿಡಿದು ಬಸ್ಸು ಹತ್ತಬೇಕಿತ್ತು. ಅಲ್ಲಿ ಹೋಗಿ ನೋಡಿದರೆ ಫ್ಲಾಪಿ ಓದುತ್ತಿರಲಿಲ್ಲ. ಆಮೇಲೆ ಪೆನ್‌ಡ್ರೈವ್ ಬಂತು, ಅದರ ಜೊತೆ ಊರಿನ ವೈರಸ್ಸೆಲ್ಲ ಬಂತು. ಎಲ್ಲಕ್ಕಿಂತ ದೊಡ್ಡ ಕಷ್ಟ ಅಕ್ಷರದ್ದು. ಹಳೆಯ ‘ನುಡಿ’, ‘ಬರಹ’ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಬೇರೆ ಕಡೆ ತೆರೆದರೆ ಕೊಂಬು, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂದರೆ ನಮ್ಮ ಕನ್ನಡ ಆ ಡಬ್ಬಿಗೇ ಕಟ್ಟಿಹಾಕಿದಂತೆ ಇತ್ತು. ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಯುನಿಕೋಡ್ ಪದ್ಧತಿ ಬಂದ ಮೇಲೆ ಆ ಹಗ್ಗ ಬಿಚ್ಚಿತು. ಈಗ ನಾನು ಇಲ್ಲಿ ಟೈಪ್ ಮಾಡಿದ್ದನ್ನು ಅಮೆರಿಕದಲ್ಲಿರುವ ಲೇಖಕರ ಮಗ ತನ್ನ ಫೋನಿನಲ್ಲಿ ಅದೇ ಹೊತ್ತಿಗೆ ಓದುತ್ತಾನೆ. ಅಪ್ಪನ ಊರಿನ ಹೆಸರು ತಪ್ಪಿದ್ದರೆ ಅಲ್ಲೇ ಪಕ್ಕದಲ್ಲಿ ಗುರುತು ಹಾಕುತ್ತಾನೆ. ಹೀಗೆ ಒಂದು ಪುಸ್ತಕ ಮುಗಿಸಿದೆ. ಒಂದು ಹಾಳೆಯನ್ನೂ ಕೊರಿಯರ್ ಮಾಡಲಿಲ್ಲ.

ಕ್ರೋಮ್‌ಬುಕ್‌ನಲ್ಲಿ ಕನ್ನಡ ಟೈಪ್ ಮಾಡಲು ಏನನ್ನೂ ಬೇರೆ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಕೀಬೋರ್ಡ್ ಸೇರಿಸಿದರೆ ಆಯಿತು. ನನ್ನ ಬೆರಳಿಗೆ ಹಳೆಯ ಅಭ್ಯಾಸ ಇದ್ದಿದ್ದರಿಂದ ಮೊದಲ ಹದಿನೈದು ದಿನ ಒತ್ತಕ್ಷರದಲ್ಲಿ ತಡವರಿಸಿದೆ. ಆಮೇಲೆ ಒಗ್ಗಿತು. ಹಳೆಯ ‘ನುಡಿ’ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುವ ಪುಟಗಳು ನೆಟ್‌ನಲ್ಲಿವೆ. ಅವು ತುಂಬ ಉಪಕಾರ ಮಾಡಿವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ.

ಈಗ ನಮ್ಮ ಅತ್ತೆಯ ವಿಷಯ. ಅವರ ಹತ್ತಿರ ಹಾಡಿನ ಪುಸ್ತಕಗಳಿವೆ. ಮದುವೆ, ಆರತಿ, ತೊಟ್ಟಿಲು ಅಂತ ಒಂದೊಂದು ಸಂದರ್ಭಕ್ಕೆ ಹೇಳುವ ಹಾಡುಗಳು. ಅವರಮ್ಮ ಹೇಳಿಕೊಟ್ಟಿದ್ದನ್ನು ಚಿಕ್ಕವರಿದ್ದಾಗ ಬರೆದುಕೊಂಡಿದ್ದು. ಶಾಯಿ ಮಾಸಿದೆ, ಅಂಚಿಗೆ ಗೆದ್ದಲು ಹತ್ತಿದೆ. ಅಚ್ಚಿನ ಕನ್ನಡ ಪುಟವನ್ನಾದರೆ ಫೋಟೊ ತೆಗೆದು, ನೆಟ್‌ನಲ್ಲಿ ಫೈಲ್ ಇಡುವ ಗೂಗಲ್ ಡ್ರೈವ್‌ಗೆ ಹಾಕಿ, ಬರೆಯಲು ಬಳಸುವ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳಾಗಿ ಬರುತ್ತದೆ. ನಾನು ದಿನಾ ಬಳಸುವ ಸೌಲಭ್ಯ ಅದು. ಆದರೆ ಅತ್ತೆಯ ಕೈಬರಹ ಅದಕ್ಕೆ ಹತ್ತಲಿಲ್ಲ. ಆಗ ಮಗಳು ಒಂದು ಉಪಾಯ ಹೇಳಿದಳು. ಡಾಕ್ಸ್‌ನಲ್ಲಿ ಮಾತಾಡಿದರೆ ಟೈಪ್ ಆಗುವ ವ್ಯವಸ್ಥೆ ಇದೆ, ಗೂಗಲ್ 2017ರಿಂದ ಧ್ವನಿ ಗುರುತಿಸುವುದನ್ನು ಕನ್ನಡಕ್ಕೂ ತಂದಿದೆ. ಅಜ್ಜಿ ಓದಲಿ, ಅದು ಬರೆಯಲಿ ಅಂದಳು.

ಅತ್ತೆ ಮೊದಲ ದಿನ ಯಂತ್ರದ ಮುಂದೆ ಕೂತು, ದನಿ ತಗ್ಗಿಸಿ ನನ್ನನ್ನು ಕೇಳಿದರು, "ಆನು ಹೇಳಿದ್ದು ಇದಕ್ಕೆ ಗೊತ್ತಾಗ್ತಾ ತಂಗಿ?" ಅರ್ಧ ಗೊತ್ತಾಯಿತು, ಅರ್ಧ ಇಲ್ಲ. ಪುಸ್ತಕದ ಕನ್ನಡವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಹವಿಗನ್ನಡದ ‘ಬಂಜು’, ‘ಹೋತು’ ಅಂದರೆ ಇನ್ನೇನೋ ಮೂಡುತ್ತದೆ. ರಾಗ ಹಾಕಿದರೆ ಕೈಬಿಡುತ್ತದೆ, ಓದಿದ ಹಾಗೆ ಹೇಳಬೇಕು. ಪೂರ್ಣವಿರಾಮ, ಅಲ್ಪವಿರಾಮ ನಾವೇ ಕೈಯಿಂದ ಹಾಕಬೇಕು. ಆದರೂ ಒಂದು ಹಾಡನ್ನು ಪೂರ್ತಿ ಟೈಪ್ ಮಾಡುವುದಕ್ಕಿಂತ, ಬಂದಿದ್ದನ್ನು ತಿದ್ದುವುದು ನನಗೆ ಅರ್ಧ ಹೊತ್ತಿನ ಕೆಲಸ. ಅದಕ್ಕಿಂತ ಹೆಚ್ಚಾಗಿ, ಅತ್ತೆ ತಮ್ಮ ಮಾತು ಪರದೆಯ ಮೇಲೆ ಮೂಡುವುದನ್ನು ನೋಡಿದರು. ತಪ್ಪು ಬಿದ್ದಲ್ಲಿ ಬೆರಳಿಟ್ಟು ತೋರಿಸುತ್ತಾರೆ. ಎಪ್ಪತ್ತೆಂಟು ವರ್ಷದ ಅವರು ಪ್ರೂಫ್ ನೋಡುವುದನ್ನು ಕಲಿತಿದ್ದಾರೆ. ಈ ಯಂತ್ರಕ್ಕೆ ಕೊಟ್ಟ ದುಡ್ಡು ನನಗೆ ಅಲ್ಲಿಗೇ ಸಂದಿತು.

ಇನ್ನು ಮಳೆಗಾಲ. ನಮ್ಮ ಕಡೆಯವರು ಇದನ್ನೇ ಮೊದಲು ಕೇಳುತ್ತೀರಿ ಅಂತ ಗೊತ್ತು.

2024ರ ಜುಲೈ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ವಾರ. ನಮ್ಮಲ್ಲೂ ಬಿಡದೆ ಹೊಯ್ಯುತ್ತಿತ್ತು. ಮರ ಬಿದ್ದು ನೆಟ್ ಬರುವ ಫೈಬರ್ ಕೇಬಲ್ ತುಂಡಾಯಿತು, ಕರೆಂಟ್ ಮೊದಲೇ ಹೋಗಿತ್ತು. ಒಟ್ಟು ಐದು ದಿನ ನೆಟ್ ಇಲ್ಲ. ಒಂದು ಸಂಚಿಕೆಯ ಪ್ರೂಫ್ ಅರ್ಧ ಆಗಿತ್ತು. ಯಂತ್ರ ತೆರೆದರೆ ಫೈಲಿನ ಹೆಸರು ಕಾಣುತ್ತದೆ, ಫೈಲ್ ತೆರೆಯುವುದಿಲ್ಲ. ನನ್ನದೇ ಬರಹ, ನನ್ನ ಕೈಗೆ ಸಿಗುತ್ತಿಲ್ಲ. ಆ ಸಂಜೆ ನನಗೆ ನಿಜಕ್ಕೂ ಭಯವಾಯಿತು. 2001ರ ಆ ಹಳೆಯ ಡಬ್ಬಿಯಲ್ಲಿ ಹೀಗೆ ಆಗುವ ಪ್ರಶ್ನೆಯೇ ಇರಲಿಲ್ಲ. ಲೈನ್ ಇಲ್ಲದಿದ್ದರೂ ಕಡತ ಮನೆಯಲ್ಲೇ ಇರುತ್ತಿತ್ತು.

ಹಳೆಯ ಫೋನ್ ಲೈನಿಗೂ ಫೈಬರಿಗೂ ಇರುವ ಒಂದು ವ್ಯತ್ಯಾಸ ಎಷ್ಟೋ ಜನರಿಗೆ ಗೊತ್ತಿಲ್ಲ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ ಫೋನಿಗೆ ಬೇಕಾದ ಕರೆಂಟ್ ಬರುತ್ತಿತ್ತು. ಅದಕ್ಕೇ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ರಿಂಗ್ ಆಗುತ್ತಿತ್ತು. ಫೈಬರ್ ಗಾಜಿನ ಎಳೆ. ಅದರಲ್ಲಿ ಬರುವುದು ಬೆಳಕು ಮಾತ್ರ. ಮನೆಯ ಮೋಡೆಮ್ ಡಬ್ಬಿಗೆ ನಾವೇ ಕರೆಂಟ್ ಕೊಡಬೇಕು. ಅದಕ್ಕೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಅಂಗೈಯಗಲ ಇರುತ್ತದೆ. ನಮ್ಮಲ್ಲಿ ಮೂರು ಗಂಟೆ ತಡೆಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡರೆ ಒಂದು ದಿನದ ಮಾತು. ಕರೆಂಟ್ ಜಾಸ್ತಿ ದಿನ ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ.

ಐದನೇ ದಿನ ಲೈನ್ ಬಂದ ತಕ್ಷಣ ಮಗಳು ಕೂತು ಎಲ್ಲ ಸರಿ ಮಾಡಿಕೊಟ್ಟಳು. ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಅನ್ನುವುದನ್ನು ಆನ್ ಮಾಡಬೇಕು. ಆಮೇಲೆ ನಮಗೆ ಬೇಕಾದ ಒಂದೊಂದು ಫೈಲಿನ ಮೇಲೂ ಆಫ್‌ಲೈನ್‌ಗೆ ಸಿಗಲಿ ಅಂತ ಗುರುತು ಹಾಕಬೇಕು. ಇದನ್ನೆಲ್ಲ ನೆಟ್ ಇರುವಾಗಲೇ ಮಾಡಿಡಬೇಕು. ಹೀಗೆ ಮಾಡಿದ ಮೇಲೆ ಫೈಲಿನ ಪ್ರತಿ ಯಂತ್ರದಲ್ಲೇ ಇರುತ್ತದೆ. ತಿದ್ದಿದ್ದು ಅಲ್ಲೇ ಉಳಿದು, ಲೈನ್ ಬಂದಾಗ ತಾನಾಗಿ ಮೇಲೆ ಹೋಗುತ್ತದೆ. ಕನ್ನಡ ಕೀಬೋರ್ಡ್ ಕೂಡ ನೆಟ್ ಇಲ್ಲದೆ ನಡೆಯುತ್ತದೆ. ಮಾತನ್ನು ಬರಹ ಮಾಡುವುದು, ಫೋಟೊದಿಂದ ಅಕ್ಷರ ತೆಗೆಯುವುದು ಮಾತ್ರ ನಡೆಯುವುದಿಲ್ಲ. ಆ ಕೆಲಸ ಆಗುವುದೇ ದೂರದ ಕಂಪ್ಯೂಟರುಗಳಲ್ಲಿ.

ನನ್ನ ತಕರಾರು ಇಷ್ಟೇ. ಇಂಥ ಯಂತ್ರ ಮನೆಗೆ ಬಂದಾಗಲೇ ಆಫ್‌ಲೈನ್ ಆನ್ ಆಗಿರಬೇಕು. ಮೊದಲ ದಿನವೇ ಕೇಳಬೇಕು, ನಿಮ್ಮೂರಲ್ಲಿ ನೆಟ್ ಹೋಗುತ್ತದಾ ಅಂತ. ಲೈನ್ ಎಂದೂ ಹೋಗದ ಊರಿನವರು ಮಾಡಿದ ಯಂತ್ರ ಇದು ಅಂತ ಆ ವಾರ ಅನಿಸಿತ್ತು. ಈಗಲೂ ಅನಿಸುತ್ತದೆ. 2025ರ ಮಳೆಗಾಲದಲ್ಲಿ ಎರಡು ಸಲ ಲೈನ್ ಹೋಯಿತು, ನನ್ನ ಕೆಲಸ ನಿಲ್ಲಲಿಲ್ಲ. ಅದಕ್ಕೇ ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇವತ್ತು ಸಂಜೆಯೇ ಮಾಡಿಡಿ.

ಆಗದ ಕೆಲಸಗಳೂ ಇವೆ. ನಮ್ಮ ಹಳೆಯ ಲೇಸರ್ ಪ್ರಿಂಟರ್ ಇದಕ್ಕೆ ಹತ್ತಲಿಲ್ಲ. ಪಿಡಿಎಫ್ ಮಾಡಿ ಯಜಮಾನರ ವಿಂಡೋಸ್ ಕಂಪ್ಯೂಟರಿನಿಂದ ತೆಗೆಯುತ್ತೇನೆ. ಪ್ರೆಸ್ಸಿನವರು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಫೈಲ್ ಕೇಳಿದರೆ ಇದರಲ್ಲಿ ಸಾಧ್ಯವಿಲ್ಲ. ಅಂಗಡಿ ಇದ್ದು ಲೆಕ್ಕದ ತಂತ್ರಾಂಶ ಟ್ಯಾಲಿ ಬೇಕು ಅನ್ನುವವರು ಇದನ್ನು ತಗೊಳ್ಳಬೇಡಿ. ಪಹಣಿ ನೋಡುವುದು, ಡಿಜಿಲಾಕರ್‌ನಿಂದ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆಯುವುದು ಎಲ್ಲ ಸಲೀಸಾಗಿ ಆಗಿದೆ.

ದುಡ್ಡಿನ ಲೆಕ್ಕ ಬೇರೆ ಥರ ಆಗಿದೆ. ಮೊದಲು ಒಮ್ಮೆ ಕೊಟ್ಟರೆ ಮುಗಿಯುತ್ತಿತ್ತು. ಈಗ ತಿಂಗಳಿಗೆ 500 ರೂಪಾಯಿ ಆಸುಪಾಸು ಫೈಬರಿಗೆ. ಗೂಗಲ್ ಖಾತೆಯಲ್ಲಿ ಬಿಟ್ಟಿ ಸಿಗುವುದು 15 ಜಿಬಿ, ಅದು ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ. ಫೋಟೊಗಳನ್ನು ಲೆಕ್ಕವಿಲ್ಲದೆ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಹಾಗಾಗಿ ನಾನು 100 ಜಿಬಿಗೆ ವರ್ಷಕ್ಕೆ 1,300 ರೂಪಾಯಿ ಕೊಡುತ್ತಿದ್ದೇನೆ. ಅದರ ಜೊತೆಗೆ ಮುಖ್ಯವಾದ ಎಲ್ಲದರ ಪ್ರತಿ ಒಂದು ಹಾರ್ಡ್‌ಡಿಸ್ಕಿನಲ್ಲಿ, ಕಪಾಟಿನಲ್ಲಿದೆ. ಅತ್ತೆಯ ಹಾಡುಗಳನ್ನು ಒಂದೇ ಕಡೆ ಇಡಲು ನನಗೆ ಧೈರ್ಯವಿಲ್ಲ.

ಯಂತ್ರದ ಗಟ್ಟಿತನಕ್ಕೆ ಒಳ್ಳೆಯ ಮಾತೇ ಹೇಳಬೇಕು. ಹೊಸದರಲ್ಲಿ ಒಂಬತ್ತು ಗಂಟೆ ಬರುತ್ತಿದ್ದ ಬ್ಯಾಟರಿ ಈಗ ಐದೂವರೆ ಗಂಟೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ತೆರೆದುಕೊಳ್ಳುತ್ತದೆ, ನಾಲ್ಕು ವರ್ಷದಲ್ಲಿ ಒಮ್ಮೆಯೂ ವೈರಸ್ ಕಾಟ ಇಲ್ಲ. ಬ್ರೌಸರಿನಲ್ಲಿ ಹದಿನೈದಿಪ್ಪತ್ತು ಪುಟ ತೆರೆದಿಟ್ಟರೆ ಮಾತ್ರ 4 ಜಿಬಿ ಸಾಲುವುದಿಲ್ಲ, ಎಳೆಯುತ್ತದೆ. ಹೊಸದಾಗಿ ತಗೊಳ್ಳುವವರು 8 ಜಿಬಿಯದೇ ತಗೊಳ್ಳಿ. ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಗೂಗಲ್ 2023ರಲ್ಲಿ ಹೇಳಿದೆ. ಆದರೆ ಆ ಹತ್ತು ವರ್ಷ ಎಣಿಸುವುದು ನಾವು ಕೊಂಡ ದಿನದಿಂದ ಅಲ್ಲ, ಆ ಮಾದರಿಯ ಒಳಗಿನ ವ್ಯವಸ್ಥೆ ಮೊದಲು ಹೊರಬಂದ ದಿನದಿಂದ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಎಂದಿನವರೆಗೆ ಅಂತ ನೋಡಿಯೇ ದುಡ್ಡು ಕೊಡಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಐದು ದಿನಗಳದ್ದು.

ಅತ್ತೆಯ ಪುಸ್ತಕದಲ್ಲಿ ಇನ್ನೂ ನಲವತ್ತರಷ್ಟು ಹಾಡು ಬಾಕಿ ಇವೆ. ಮಧ್ಯಾಹ್ನ ಊಟ ಆದ ಮೇಲೆ ದಿನಕ್ಕೆ ಒಂದು ಅಂತ ಕೂರುತ್ತೇವೆ. ಮಳೆ ಹಿಡಿಯುವ ಮುಂಚೆ ಓದಿಸಿ ಮುಗಿಸಬೇಕು, ಅದಕ್ಕೆ ಲೈನ್ ಬೇಕಲ್ಲ. ತಿದ್ದುವುದನ್ನು ಜುಲೈಗೆ ಇಟ್ಟುಕೊಂಡಿದ್ದೇನೆ.